ಚಿನ್ನದ ಸ್ಮಾರ್ಟ್‌ವಾಚ್: ಗಟ್ಟಿ ಚಿನ್ನವೋ, ಲೇಪವೋ, ಬರಿಯ ಬಣ್ಣವೋ

ಪೇಟೆಯಲ್ಲಿ ‘ಗೋಲ್ಡ್’ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಪದಾರ್ಥಗಳ ಸ್ಮಾರ್ಟ್‌ವಾಚ್‌ಗಳು ಮಾರಾಟವಾಗುತ್ತವೆ. ಒಂದರಲ್ಲಿ ಕವಚವನ್ನೇ 18 ಕ್ಯಾರೆಟ್ ಚಿನ್ನದ ಗಟ್ಟಿಯಿಂದ ಕಡೆದಿರುತ್ತಾರೆ. ಇನ್ನೊಂದರಲ್ಲಿ ಉಕ್ಕಿನ ಕವಚದ ಮೇಲೆ ತಲೆಗೂದಲಿಗಿಂತ ಹತ್ತಾರು ಪಾಲು ತೆಳುವಾದ ಚಿನ್ನದ ಲೇಪವಿರುತ್ತದೆ. ಮೂರನೆಯದರಲ್ಲಿ ಹೊಂಬಣ್ಣವುಂಟು, ಹೊನ್ನು ಮಾತ್ರ ಬಹುಮಟ್ಟಿಗೆ ಇಲ್ಲ. ಬೆಲೆಯ ಅಂತರವೂ ಅಷ್ಟೇ ದೊಡ್ಡದು. ಹತ್ತಾರು ಸಾವಿರ ರೂಪಾಯಿಯಿಂದ ಹಿಡಿದು ಹಲವು ಲಕ್ಷದವರೆಗೆ ಹೋಗುತ್ತದೆ. ಕೊಳ್ಳುವವರು ಮೊದಲು ವಿಚಾರಿಸಬೇಕಾದದ್ದು ತಾವು ಹಣ ಕೊಡುತ್ತಿರುವುದು ಲೋಹಕ್ಕೋ, ಕೆಲಸಗಾರಿಕೆಗೋ, ಬಣ್ಣಕ್ಕೋ ಎಂಬುದನ್ನು. ಅದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಚಿನ್ನ ತಲೆಮಾರುಗಳವರೆಗೆ ಬಾಳುತ್ತದೆ, ಅದರೊಳಗಿನ ಎಲೆಕ್ಟ್ರಾನಿಕ್ ಚಿಪ್ ಮತ್ತು ಬ್ಯಾಟರಿ ಐದಾರು ವರ್ಷಕ್ಕೆ ಹಳತಾಗುತ್ತವೆ. ಈ ಎರಡು ಆಯಸ್ಸುಗಳ ನಡುವಣ ಅಂತರವನ್ನು ತಯಾರಕರು ಹೇಗೆ ನಿಭಾಯಿಸಿದ್ದಾರೆ ಎಂಬುದರ ಮೇಲೆಯೇ ಆಯ್ಕೆ ನಿಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಗಟ್ಟಿ ಚಿನ್ನ: ಆ್ಯಪಲ್ ಎಡಿಷನ್ ಕಲಿಸುವ ಲೆಕ್ಕ

ಗಟ್ಟಿ ಚಿನ್ನದ ಸ್ಮಾರ್ಟ್‌ವಾಚ್ ಎಂದೊಡನೆ ನೆನಪಾಗುವುದು 2014ರ ಸೆಪ್ಟೆಂಬರ್‌ನಲ್ಲಿ ಘೋಷಣೆಯಾಗಿ 2015ರ ಏಪ್ರಿಲ್‌ನಲ್ಲಿ ಮಾರಾಟಕ್ಕೆ ಬಂದ ಆ್ಯಪಲ್ ವಾಚ್ ಎಡಿಷನ್. ಹಳದಿ ಮತ್ತು ರೋಸ್ ಎಂಬ ಎರಡು ಬಣ್ಣಗಳ 18 ಕ್ಯಾರೆಟ್ ಚಿನ್ನದಲ್ಲಿ, 38 ಮತ್ತು 42 ಮಿಲಿಮೀಟರ್ ಎಂಬ ಎರಡು ಅಳತೆಗಳಲ್ಲಿ ಬಂದ ಅದರ ಬೆಲೆ ಅಮೆರಿಕದಲ್ಲಿ 10,000 ಡಾಲರ್‌ನಿಂದ 17,000 ಡಾಲರ್‌ವರೆಗೆ ಇತ್ತು. ಅದೇ ಹೊತ್ತಿಗೆ 349 ಡಾಲರ್‌ಗೆ ಸಿಗುತ್ತಿದ್ದ ಅಲ್ಯೂಮಿನಿಯಂ ಕವಚದ ‘ಸ್ಪೋರ್ಟ್’ ಮಾದರಿಯೊಳಗೂ ಇದ್ದದ್ದು ಅದೇ ಎಸ್1 ಚಿಪ್, ಅದೇ ತಂತ್ರಾಂಶ. ಪರದೆಯ ಮೇಲಿನ ಸಫೈರ್ ಗಾಜು ಎಡಿಷನ್‌ಗೂ ಉಕ್ಕಿನ ಮಾದರಿಗೂ ಸಮಾನವಾಗಿತ್ತು. ಹಾಗಾಗಿ ಉಕ್ಕಿನ ಮಾದರಿಗೂ ಎಡಿಷನ್‌ಗೂ ನಡುವಿನ ಸಾವಿರಾರು ಡಾಲರ್ ವ್ಯತ್ಯಾಸವೆಲ್ಲ ಕವಚಕ್ಕೆ ಮತ್ತು ಹೆಸರಿಗೆ ಸಂದ ಬೆಲೆ.

ಆ ಕವಚದಲ್ಲಿ ಚಿನ್ನ ಎಷ್ಟಿತ್ತು ಎಂಬುದನ್ನು ಕಂಪನಿ ತಾನಾಗಿ ಕೊಟ್ಟ ತೂಕಗಳಿಂದಲೇ ಅಂದಾಜು ಮಾಡಬಹುದು. 42 ಮಿಲಿಮೀಟರ್‌ನ ಉಕ್ಕಿನ ಕೇಸ್ 50 ಗ್ರಾಂ ತೂಗುತ್ತಿತ್ತು, ಹಳದಿ ಚಿನ್ನದ್ದು 69 ಗ್ರಾಂ. ಒಳಗಿನ ಸಾಮಗ್ರಿ ಎರಡರಲ್ಲಿಯೂ ಒಂದೇ ಎಂದು ಹಿಡಿದರೆ ಈ 19 ಗ್ರಾಂ ವ್ಯತ್ಯಾಸ ಲೋಹದ ಸಾಂದ್ರತೆಯಿಂದ ಬಂದದ್ದು. ಉಕ್ಕು ಘನ ಸೆಂಟಿಮೀಟರ್‌ಗೆ ಸುಮಾರು 7.9 ಗ್ರಾಂ ತೂಗಿದರೆ 18 ಕ್ಯಾರೆಟ್ ಹಳದಿ ಚಿನ್ನ ಸುಮಾರು 15.5 ಗ್ರಾಂ ತೂಗುತ್ತದೆ. ಭಾಗಿಸಿ ನೋಡಿದರೆ ಕವಚದ ಲೋಹದ ಗಾತ್ರ ಎರಡೂವರೆ ಘನ ಸೆಂಟಿಮೀಟರ್, ಮಿಶ್ರಲೋಹದ ತೂಕ ಮೂವತ್ತೆಂಟು ಗ್ರಾಂ ಚಿಲ್ಲರೆ, ಅದರ ಮುಕ್ಕಾಲು ಪಾಲು ಎಂದರೆ ಹತ್ತಿರ ಹತ್ತಿರ 29 ಗ್ರಾಂ ಅಪರಂಜಿ. ಇದು ಅಂದಾಜಿನ ಲೆಕ್ಕ. ಆದರೂ ಒಂದು ಔನ್ಸ್‌ಗೆ (ಸುಮಾರು 31 ಗ್ರಾಂಗೆ) 1,200 ಡಾಲರ್ ಆಸುಪಾಸಿನಲ್ಲಿದ್ದ 2015ರ ಧಾರಣೆಯಲ್ಲಿ ಆ ಚಿನ್ನದ ಬೆಲೆ ಸುಮಾರು 1,100 ಡಾಲರ್ ಆಗುತ್ತಿತ್ತು. ರಬ್ಬರ್ ಪಟ್ಟಿಯೊಂದಿಗೆ ಆ ಗಡಿಯಾರಕ್ಕೆ ಕೊಡಬೇಕಾಗಿದ್ದದ್ದು 12,000 ಡಾಲರ್. ನಮ್ಮ ಕಡೆಯ ಒಡವೆ ಅಂಗಡಿಗಳಲ್ಲಿ ಮಜೂರಿ ಮತ್ತು ವೇಸ್ಟೇಜ್ ಸೇರಿ ಲೋಹದ ಬೆಲೆಯ ಕಾಲುಭಾಗ ಮುಟ್ಟಿದರೆ ಮನೆಯಲ್ಲಿ ಮಾತು ಏಳುತ್ತದೆ. ಇಲ್ಲಿ ಲೋಹಕ್ಕೆ ಹತ್ತರಲ್ಲಿ ಒಂದು ಪಾಲು, ಉಳಿದ ಒಂಬತ್ತು ಪಾಲು ಮಿಕ್ಕೆಲ್ಲಕ್ಕೆ.

ಮುಂದಿನದು ಎಲ್ಲರಿಗೂ ತಿಳಿದ ಕಥೆ. 2016ರ ಸೆಪ್ಟೆಂಬರ್‌ನಲ್ಲಿ ಎರಡನೆಯ ಸರಣಿ ಬಂದಾಗ ಚಿನ್ನವನ್ನು ಕೈಬಿಟ್ಟು ಎಡಿಷನ್ ಹೆಸರನ್ನು ಬಿಳಿಯ ಜಿರ್ಕೋನಿಯಾ ಪಿಂಗಾಣಿಗೆ ವರ್ಗಾಯಿಸಿದರು. ಬೆಲೆ 1,249 ಡಾಲರ್‌ಗೆ ಇಳಿಯಿತು. 2018ರಲ್ಲಿ ಬಂದ ವಾಚ್‌ಓಎಸ್ 5 ಮೊದಲ ತಲೆಮಾರಿನ ಗಡಿಯಾರಗಳಿಗೆ ದೊರೆಯಲಿಲ್ಲ, ಅಂದರೆ ಹದಿನೇಳು ಸಾವಿರ ಡಾಲರ್ ಕೊಟ್ಟವರಿಗೂ ಮೂರೂವರೆ ವರ್ಷದಲ್ಲಿ ಹೊಸ ತಂತ್ರಾಂಶದ ಬಾಗಿಲು ಮುಚ್ಚಿತು. 2023ರಲ್ಲಿ ಕಂಪನಿ ಈ ಚಿನ್ನದ ಮಾದರಿಗಳನ್ನು ರಿಪೇರಿಗೆ ಸ್ವೀಕರಿಸದ ಹಳೆಯ ಸಾಧನಗಳ ಪಟ್ಟಿಗೆ ಸೇರಿಸಿತು. ಅದೇ ಅವಧಿಯಲ್ಲಿ ಚಿನ್ನದ ಧಾರಣೆ ಏರುತ್ತಲೇ ಹೋಗಿ 2025ರ ಅಕ್ಟೋಬರ್‌ನಲ್ಲಿ ಔನ್ಸ್‌ಗೆ 4,000 ಡಾಲರ್ ದಾಟಿತು. ಆ ದರದಲ್ಲಿ ಅದೇ 29 ಗ್ರಾಂ ಚಿನ್ನಕ್ಕೆ 3,700 ಡಾಲರ್‌ಗೂ ಹೆಚ್ಚು. ಲೋಹದ ಬೆಲೆ ಮೂರು ಪಟ್ಟಿಗಿಂತ ಹೆಚ್ಚಾದರೂ ಕೊಂಡವರು ಕೊಟ್ಟ ಹಣದ ಮೂರನೇ ಒಂದು ಪಾಲೂ ಆಗ ಲೋಹದ ರೂಪದಲ್ಲಿ ಹಿಂದಿರುಗುತ್ತಿರಲಿಲ್ಲ.

ಸ್ವಿಟ್ಜರ್ಲೆಂಡಿನ ಟ್ಯಾಗ್ ಹಾಯರ್ ಗಡಿಯಾರ ಕಂಪನಿಯೂ 2016ರ ಕೊನೆಯಲ್ಲಿ ತನ್ನ ‘ಕನೆಕ್ಟೆಡ್’ ಸ್ಮಾರ್ಟ್‌ವಾಚನ್ನು ರೋಸ್ ಗೋಲ್ಡ್‌ನಲ್ಲಿ, ಹತ್ತಿರ ಹತ್ತಿರ ಹತ್ತು ಸಾವಿರ ಡಾಲರ್ ಬೆಲೆಗೆ ತಂದಿತ್ತು. ಇಂಥವು ಈಗ ಸಿಗುವುದು ಹೆಚ್ಚಾಗಿ ಎರಡನೆಯ ಕೈಯವರಿಂದ. ಸಂಗ್ರಹದ ಆಸೆಯುಳ್ಳವರಿಗೆ ಅವು ಆಕರ್ಷಕವೇ. ದಿನವೂ ಕಟ್ಟಿಕೊಂಡು ಹೆಜ್ಜೆ ಎಣಿಸಲು, ಹೃದಯ ಬಡಿತ ನೋಡಲು ಬೇಕೆನ್ನುವವರಿಗೆ ಅವನ್ನು ನಾನು ಸೂಚಿಸಲಾರೆ.

ಕವಚದ ಹಿಂದಿನ ಲೋಹಗಾರಿಕೆ

ಅಪರಂಜಿ ಚಿನ್ನದಿಂದ ಕೈಗಡಿಯಾರ ಮಾಡುವಂತಿಲ್ಲ, ಏಕೆಂದರೆ ಅದು ತೀರ ಮೆದು. ಗಡಸುತನವನ್ನು ಅಳೆಯುವ ವಿಕರ್ಸ್ ಮಾನದಲ್ಲಿ ಕಾಯಿಸಿ ಮೃದುಗೊಳಿಸಿದ ಶುದ್ಧ ಚಿನ್ನ ಸುಮಾರು 25ರಲ್ಲಿ ನಿಲ್ಲುತ್ತದೆ. ತೂಕದಲ್ಲಿ ನೂರಕ್ಕೆ 75 ಪಾಲು ಚಿನ್ನವಿಟ್ಟು ಉಳಿದ 25 ಪಾಲಿಗೆ ಬೆಳ್ಳಿ, ತಾಮ್ರ, ಕೆಲವೊಮ್ಮೆ ಪಲ್ಲಾಡಿಯಂ ಅಥವಾ ಪ್ಲಾಟಿನಂ ಬೆರೆಸಿದರೆ ಅದು 120ರಿಂದ 160ರ ಆಸುಪಾಸಿಗೆ ಏರುತ್ತದೆ; ಆ ಮಿಶ್ರಲೋಹವನ್ನು ತಣ್ಣಗಿರುವಾಗಲೇ ಉರುಳೆಗಳ ನಡುವೆ ಒತ್ತಿ ಅಥವಾ ಅಚ್ಚಿನಲ್ಲಿ ಬಡಿದು ಬಿಗಿಗೊಳಿಸಿದರೆ 200 ದಾಟುತ್ತದೆ. ಬಡಿದಷ್ಟೂ ಚಿನ್ನ ಸೆಡೆತುಕೊಳ್ಳುತ್ತದೆ, ಕಾಯಿಸಿದರೆ ಮತ್ತೆ ಮೆದುವಾಗುತ್ತದೆ ಎಂಬುದು ನಮ್ಮ ಅಕ್ಕಸಾಲಿಗರಿಗೆ ಹೊಸ ವಿಷಯವಲ್ಲ. ಕಾರ್ಖಾನೆಯಲ್ಲಿ ನಡೆಯುವುದೂ ಅದೇ ತತ್ತ್ವದ ಅಳತೆಬದ್ಧ ಪ್ರಯೋಗ. ತನ್ನ ಚಿನ್ನ ಸಾಮಾನ್ಯ ಚಿನ್ನಕ್ಕಿಂತ ಎರಡು ಪಟ್ಟಿನವರೆಗೆ ಗಡಸು ಎಂದು ಆ್ಯಪಲ್ ಹೇಳಿಕೊಂಡದ್ದನ್ನು ಈ ಹಿನ್ನೆಲೆಯಲ್ಲಿ ಓದಿಕೊಳ್ಳಬೇಕು. ಅದು ಅಸಾಧ್ಯದ ಮಾತಲ್ಲ, ಆದರೆ ಗೀರು ಬೀಳದ ಚಿನ್ನ ಎಂಬ ಭರವಸೆಯೂ ಅಲ್ಲ. ನಮ್ಮ ರಸ್ತೆಯ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣಗಳ ಗಡಸುತನ 1,000ದ ಮೇಲಿರುವಾಗ 200 ಎಂಬುದು ಅದರ ಎದುರು ನಿಲ್ಲದು. ಗ್ರೇಡ್ 5 ಟೈಟಾನಿಯಂ ಸುಮಾರು 350, ಜಿರ್ಕೋನಿಯಾ ಪಿಂಗಾಣಿ ಸುಮಾರು 1,200, ಸಫೈರ್ ಗಾಜು ಸುಮಾರು 2,000 ಎಂಬ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಯಾವುದು ಎಷ್ಟು ತಡೆದೀತು ಎಂಬುದು ಸ್ಪಷ್ಟವಾಗುತ್ತದೆ.

ಬಣ್ಣವನ್ನು ನಿರ್ಧರಿಸುವುದು ತಾಮ್ರ ಮತ್ತು ಬೆಳ್ಳಿಯ ಪ್ರಮಾಣ. ಗಡಿಯಾರ ಉದ್ಯಮ ಇದಕ್ಕೆ ಅಂತರರಾಷ್ಟ್ರೀಯ ಮಾನಕವೊಂದನ್ನು ಅನುಸರಿಸುತ್ತದೆ. 3ಎನ್ ಎಂದರೆ ಬೆಳ್ಳಿ ಮತ್ತು ತಾಮ್ರ ತಲಾ ಹನ್ನೆರಡೂವರೆ ಪಾಲಿರುವ ಹಳದಿ ಚಿನ್ನ. 5ಎನ್ ಎಂದರೆ ತಾಮ್ರ ಇಪ್ಪತ್ತೂವರೆ ಪಾಲು, ಬೆಳ್ಳಿ ನಾಲ್ಕೂವರೆ ಪಾಲಿರುವ ಕೆಂಪು ಚಿನ್ನ. ಎರಡೂ 18 ಕ್ಯಾರೆಟ್ಟೇ, ಎರಡರಲ್ಲಿಯೂ ಹೊನ್ನು ಒಂದೇ ಪ್ರಮಾಣದಲ್ಲಿದೆ. ತಾಮ್ರ ಹೆಚ್ಚಿರುವ ಚಿನ್ನ ಬೆವರು, ಉಪ್ಪುನೀರು, ಈಜುಕೊಳದ ಕ್ಲೋರಿನ್‌ಗಳ ಸಂಪರ್ಕದಲ್ಲಿ ಕಾಲಕ್ರಮೇಣ ಮಂಕಾಗುವ ಸ್ವಭಾವದ್ದು. ಸ್ವಿಸ್ ಗಡಿಯಾರ ಕಂಪನಿಗಳಾದ ರೋಲೆಕ್ಸ್ ತನ್ನ ‘ಎವರೋಸ್’ ಚಿನ್ನಕ್ಕೆ, ಹೂಬ್ಲೋ ತನ್ನ ‘ಕಿಂಗ್ ಗೋಲ್ಡ್’ಗೆ ಪ್ಲಾಟಿನಂ ಸೇರಿಸುವುದು ಈ ಬಣ್ಣಗೇಡನ್ನು ತಡೆಯಲೆಂದೇ. ಕರಾವಳಿಯಲ್ಲಿ ವಾಸಿಸುವವರು, ದಿನವೂ ಈಜುವವರು ರೋಸ್ ಗೋಲ್ಡ್ ಆರಿಸುವಾಗ ಇದನ್ನು ಗಮನದಲ್ಲಿಡುವುದು ಒಳ್ಳೆಯದು. ಇನ್ನು 916ರ ಒಡವೆಗಳ ಹಳದಿಗೆ ಒಗ್ಗಿಹೋದ ನಮ್ಮ ಕಣ್ಣಿಗೆ ಸ್ವಿಸ್ 18 ಕ್ಯಾರೆಟ್ ಮೊದಲ ನೋಟಕ್ಕೆ ಸ್ವಲ್ಪ ಪೇಲವವಾಗಿ ಕಾಣುತ್ತದೆ. ಕೈಯಲ್ಲಿ ಬಳೆ, ಉಂಗುರ ತೊಡುವವರು ಅಂಗಡಿಯಲ್ಲಿ ಅವುಗಳ ಜೊತೆಗಿಟ್ಟೇ ಬಣ್ಣ ನೋಡಬೇಕು.

ಕ್ಯಾರೆಟ್ ಲೆಕ್ಕ ತೂಕದ ಮೇಲೆ ನಡೆಯುತ್ತದೆಯೇ ಹೊರತು ಗಾತ್ರದ ಮೇಲಲ್ಲ ಎಂಬುದನ್ನೂ ಮರೆಯಬಾರದು. ಹೂಬ್ಲೋ ಕಂಪನಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ತಾಂತ್ರಿಕ ವಿದ್ಯಾಸಂಸ್ಥೆಯೊಂದಿಗೆ ಸೇರಿ 2011ರಲ್ಲಿ ಪ್ರಕಟಿಸಿದ ‘ಮ್ಯಾಜಿಕ್ ಗೋಲ್ಡ್’ ಇದಕ್ಕೆ ಸೊಗಸಾದ ನಿದರ್ಶನ. ಬೋರಾನ್ ಕಾರ್ಬೈಡ್ ಎಂಬ ಅತಿ ಗಡಸು ಪಿಂಗಾಣಿಯ ಪುಡಿಯನ್ನು ಒತ್ತಿ, ಸುಟ್ಟು, ಸೂಕ್ಷ್ಮ ರಂಧ್ರಗಳುಳ್ಳ ಅಚ್ಚನ್ನು ಮಾಡಿಕೊಂಡು, ಕರಗಿದ ಚಿನ್ನವನ್ನು ಭಾರೀ ಒತ್ತಡದಲ್ಲಿ ಆ ರಂಧ್ರಗಳೊಳಗೆ ತುಂಬುತ್ತಾರೆ. ಫಲವಾಗಿ ದೊರೆಯುವ ವಸ್ತುವಿನ ಗಡಸುತನ ವಿಕರ್ಸ್ ಮಾನದಲ್ಲಿ 1,000ದ ಆಸುಪಾಸು; ಅದನ್ನು ಕಡೆಯಲು ವಜ್ರದ ಉಳಿಯೇ ಬೇಕು. ಕಾನೂನಿನ ಪ್ರಕಾರ ಅದು 18 ಕ್ಯಾರೆಟ್ ಚಿನ್ನವೇ ಹೌದು. ಆದರೆ ಬೋರಾನ್ ಕಾರ್ಬೈಡ್ ಘನ ಸೆಂಟಿಮೀಟರ್‌ಗೆ ಎರಡೂವರೆ ಗ್ರಾಂ ಮಾತ್ರ ತೂಗುವ ಹಗುರ ಪದಾರ್ಥವಾದ್ದರಿಂದ, ಮುಕ್ಕಾಲು ಪಾಲು ತೂಕ ಚಿನ್ನವೇ ಆದರೂ ಗಾತ್ರದಲ್ಲಿ ಚಿನ್ನದ ಪಾಲು ಮೂರನೇ ಒಂದಕ್ಕಿಂತ ಕಡಿಮೆಯಾಗುತ್ತದೆ. ಒಂದೇ ಅಳತೆಯ ಎರಡು ಕೇಸ್‌ಗಳಲ್ಲಿ ಸಾಧಾರಣ 18 ಕ್ಯಾರೆಟ್‌ನದಕ್ಕಿಂತ ಇದರಲ್ಲಿ ಹೊನ್ನು ಅರ್ಧಕ್ಕಿಂತ ಕಡಿಮೆ ಎಂದಾಯಿತು. ಗೀರು ಬೀಳದಿರುವ ಗುಣಕ್ಕೆ ಇದು ನ್ಯಾಯವಾದ ಬೆಲೆ ಇರಬಹುದು, ಚಿನ್ನವನ್ನು ಉಳಿತಾಯವೆಂದು ಕೊಳ್ಳುವವರ ಲೆಕ್ಕಕ್ಕೆ ಮಾತ್ರ ಇದು ಒಗ್ಗುವುದಿಲ್ಲ. ಅಷ್ಟಾಗಿಯೂ, ಹೂಬ್ಲೋ 2020ರಲ್ಲಿ ‘ಬಿಗ್ ಬ್ಯಾಂಗ್ ಇ’ ಸ್ಮಾರ್ಟ್‌ವಾಚನ್ನು ತಂದಾಗ ಆರಿಸಿಕೊಂಡದ್ದು ಟೈಟಾನಿಯಂ ಮತ್ತು ಕಪ್ಪು ಪಿಂಗಾಣಿಯನ್ನು. ತನ್ನದೇ ವಿಶೇಷ ಚಿನ್ನ ಕೈಯಳತೆಯಲ್ಲಿದ್ದರೂ ಸ್ವಿಸ್ ಕಂಪನಿಯೊಂದು ಮಾಡಿದ ಈ ಆಯ್ಕೆ ಯೋಚನೆಗೆ ಅರ್ಹ.

ಸ್ಮಾರ್ಟ್‌ವಾಚಿನ ಕವಚಕ್ಕೆ ಸಾಮಾನ್ಯ ಗಡಿಯಾರಕ್ಕಿಲ್ಲದ ಒಂದು ಕಟ್ಟುಪಾಡು ಇದೆ. ಚಿನ್ನ ಅತ್ಯುತ್ತಮ ವಿದ್ಯುದ್ವಾಹಕ. ಬ್ಲೂಟೂತ್, ವೈಫೈಗಳ ತರಂಗಗಳನ್ನು ಅದು ತಡೆಯುತ್ತದೆ, ತಂತಿಯಿಲ್ಲದ ಚಾರ್ಜಿಂಗ್‌ಗೂ ಅಡ್ಡಿಯಾಗುತ್ತದೆ. ಆದ್ದರಿಂದ ಎಡಿಷನ್‌ನ ಬೆನ್ನು ಚಿನ್ನದ್ದಾಗಿರಲಿಲ್ಲ, ಜಿರ್ಕೋನಿಯಾ ಪಿಂಗಾಣಿಯದಾಗಿತ್ತು; ನಾಡಿ ಅಳೆಯುವ ಬೆಳಕು ಹಾಯಲು ಅದರಲ್ಲಿ ಸಫೈರ್ ಕಿಂಡಿಗಳಿದ್ದವು. ‘ಪೂರ್ತಿ ಚಿನ್ನದ ಸ್ಮಾರ್ಟ್‌ವಾಚ್’ ಎಂದು ಯಾರಾದರೂ ಹೇಳಿದರೆ ಗಡಿಯಾರವನ್ನು ಮಗುಚಿ ಬೆನ್ನನ್ನು ನೋಡಿ. ಅಲ್ಲಿಯೂ ಲೋಹವೇ ಇದ್ದರೆ ಅದು ಹೇಗೆ ಚಾರ್ಜ್ ಆಗುತ್ತದೆ, ನಾಡಿಯನ್ನು ಹೇಗೆ ಓದುತ್ತದೆ ಎಂದು ಕೇಳಬೇಕಾಗುತ್ತದೆ.

ಲೇಪ ಮತ್ತು ಬಣ್ಣ

ಚಿನ್ನದ ನೀರು ಕುಡಿಸುವುದು, ಗಿಲೀಟು ಮಾಡುವುದು ಎಂದು ನಾವು ಹಿಂದಿನಿಂದ ಕರೆಯುವ ಕೆಲಸದ ಇಂದಿನ ರೂಪ ವಿದ್ಯುತ್ ಲೇಪನ. ಚಿನ್ನದ ಲವಣವಿರುವ ದ್ರಾವಣದಲ್ಲಿ ಕವಚವನ್ನು ಮುಳುಗಿಸಿ ವಿದ್ಯುತ್ ಹರಿಸಿದಾಗ ಅದರ ಮೇಲೆ ಚಿನ್ನ ಪದರವಾಗಿ ಕೂರುತ್ತದೆ. ‘24 ಕ್ಯಾರೆಟ್ ಚಿನ್ನದ ಆ್ಯಪಲ್ ವಾಚ್’ ಎಂದು ಲಂಡನ್‌ನ ಗೋಲ್ಡ್‌ಜೀನಿಯಂಥ ಅಲಂಕಾರ ಸಂಸ್ಥೆಗಳು ಮಾರುವುದು ಈ ಬಗೆಯದನ್ನು. ಇಲ್ಲಿ 24 ಕ್ಯಾರೆಟ್ ಎಂಬುದು ಪದರದ ಶುದ್ಧತೆಯನ್ನು ಹೇಳುತ್ತದೆ, ಪ್ರಮಾಣವನ್ನು ಹೇಳುವುದಿಲ್ಲ. ಶುದ್ಧತೆ ಹೆಚ್ಚಿದಷ್ಟೂ ಪದರ ಮೆದುವಾಗುವುದರಿಂದ, ಕೇಳಲು ಹಿರಿದೆನಿಸುವ ಈ 24 ಮಣಿಕಟ್ಟಿನ ಮೇಲಿನ ವಸ್ತುವಿಗೆ ವಾಸ್ತವವಾಗಿ ಅನುಕೂಲವಲ್ಲದ ಗುಣ. ಪದರ ಮೊದಲು ಸವೆಯುವುದು ಮೇಜಿಗೆ ತಗಲುವ ಅಂಚುಗಳಲ್ಲಿ, ಪಟ್ಟಿ ಉಜ್ಜುವ ಕೊಂಡಿಗಳಲ್ಲಿ. ಲೇಪದ ಅಡಿಯಲ್ಲಿ ನಿಕ್ಕಲ್ ಪದರವಿದ್ದರೆ ಅದು ತೆರೆದುಕೊಂಡಾಗ ಕೆಲವರ ಚರ್ಮಕ್ಕೆ ತುರಿಕೆಯಾಗುವುದೂ ಉಂಟು. ಗಡಿಯಾರವನ್ನು ಬಿಚ್ಚಿ ಲೇಪ ಹಾಕಿದ್ದರೆ ಮೂಲ ಕಂಪನಿಯ ವಾರಂಟಿ ಮತ್ತು ನೀರು ತಡೆಯುವ ಗುಣ ಎರಡೂ ಪ್ರಶ್ನಾರ್ಹ. ಕೊಳ್ಳಲೇಬೇಕೆಂದರೆ ಪದರ ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ, ವಾರಂಟಿ ಯಾರದು, ಮರುಲೇಪನಕ್ಕೆ ಎಷ್ಟು ಖರ್ಚು ಎಂಬ ಮೂರಕ್ಕೂ ಲಿಖಿತ ಉತ್ತರ ಪಡೆಯಬೇಕು. ನಮ್ಮೂರಿನ ‘ಒನ್ ಗ್ರಾಂ ಗೋಲ್ಡ್’ ಅಂಗಡಿಯವರು ತಮ್ಮ ಸರಗಳ ಬಗ್ಗೆ ಇಷ್ಟನ್ನು ಸಂಕೋಚವಿಲ್ಲದೆ ಹೇಳುತ್ತಾರೆ. ಲಕ್ಷಗಟ್ಟಲೆ ಕೇಳುವವರು ಹೇಳದಿದ್ದರೆ ಎದ್ದು ಬರುವುದೇ ಲೇಸು.

ಇನ್ನೊಂದು ಮಾರ್ಗ ಪಿವಿಡಿ. ಗಾಳಿಯನ್ನೆಲ್ಲ ಹೊರತೆಗೆದ ಕೋಣೆಯಲ್ಲಿ ಟೈಟಾನಿಯಂ ಅಥವಾ ಜಿರ್ಕೋನಿಯಂ ಲೋಹವನ್ನು ಆವಿಯಾಗಿಸಿ, ಸ್ವಲ್ಪ ಸಾರಜನಕ ಬಿಟ್ಟರೆ, ಆ ಲೋಹವೂ ಸಾರಜನಕವೂ ಕೂಡಿ ಕವಚದ ಮೇಲೆ ನೈಟ್ರೈಡ್ ಎಂಬ ಗಡಸು ಪದರವಾಗಿ ಕೂರುತ್ತವೆ. ಅದರ ಬಣ್ಣ ಸಹಜವಾಗಿಯೇ ಹೊನ್ನಿನಂತಿರುತ್ತದೆ. ಕೆಲವು ತಯಾರಕರು ಅದರ ಮೇಲೆ ಅತಿ ತೆಳುವಾಗಿ ನಿಜವಾದ ಚಿನ್ನವನ್ನೂ ಕೂರಿಸುತ್ತಾರೆ. ಪದರದ ದಪ್ಪ ಒಂದೆರಡು ಮೈಕ್ರಾನ್ ಇದ್ದರೂ ಟೈಟಾನಿಯಂ ನೈಟ್ರೈಡಿನ ಗಡಸುತನ 2,000ದ ಸುತ್ತಮುತ್ತ ಇರುವುದರಿಂದ ದಿನಬಳಕೆಯ ಉಜ್ಜಾಟಕ್ಕೆ ಇದು ಗಟ್ಟಿ ಚಿನ್ನಕ್ಕಿಂತ ಎಷ್ಟೋ ಮೇಲು. ಆ್ಯಪಲ್ 2018ರಲ್ಲಿ ನಾಲ್ಕನೆಯ ಸರಣಿಯೊಂದಿಗೆ ತಂದ ಚಿನ್ನದ ಬಣ್ಣದ ಉಕ್ಕು ಈ ಬಗೆಯದು. 2024ರ ಹತ್ತನೆಯ ಸರಣಿಯಿಂದ ಉಕ್ಕಿನ ಜಾಗಕ್ಕೆ ಹೊಳಪಿನ ಟೈಟಾನಿಯಂ ಬಂದಿದ್ದು, ಅದರಲ್ಲಿಯೂ ಚಿನ್ನದ ಬಣ್ಣ ಮುಂದುವರಿದಿದೆ. ಪಿವಿಡಿಯ ಕೊರತೆ ಬೇರೆಯದು. ಕಲ್ಲಿಗೆ ಜೋರಾಗಿ ತಗಲಿ ಅಡಿಯ ಲೋಹ ತಗ್ಗಾದರೆ ಮೇಲಿನ ಪದರ ಒಡೆದು ಬೂದುಬಣ್ಣ ಕಾಣಿಸಿಕೊಳ್ಳುತ್ತದೆ, ಅದನ್ನು ಒಪ್ಪ ಹಾಕಿ ಸರಿಪಡಿಸಲು ಬರುವುದಿಲ್ಲ. ಗಟ್ಟಿ ಚಿನ್ನಕ್ಕೆ ಗೀರು ಬೇಗ ಬೀಳುತ್ತದೆ, ಆದರೆ ಒಳ್ಳೆಯ ಕೆಲಸಗಾರರು ಅದನ್ನು ಮತ್ತೆ ಮತ್ತೆ ಉಜ್ಜಿ ಹೊಸದಾಗಿಸಬಲ್ಲರು. ಪ್ರತಿ ಸಲವೂ ಚೂರು ಲೋಹ ಕಳೆದು, ಅಂಚುಗಳ ಹರಿತ ಮೊಂಡಾಗುವುದಷ್ಟೇ ಅದರ ತೆರಿಗೆ.

ಆಯಸ್ಸಿನ ಅಂತರವನ್ನು ತುಂಬಲೆತ್ನಿಸಿದವರು

ಎರಡು ಆಯಸ್ಸುಗಳ ಸಮಸ್ಯೆಯನ್ನು ನೇರವಾಗಿ ಎದುರಿಸಿದವರಲ್ಲಿ ಟ್ಯಾಗ್ ಹಾಯರ್‌ನ ಪ್ರಯತ್ನ ನನಗೆ ಅತ್ಯಂತ ಪ್ರಾಮಾಣಿಕವೆನಿಸುತ್ತದೆ. 2015ರ ನವೆಂಬರ್‌ನಲ್ಲಿ 1,500 ಡಾಲರ್‌ಗೆ ಬಂದ ಅದರ ಮೊದಲ ಟೈಟಾನಿಯಂ ‘ಕನೆಕ್ಟೆಡ್’ ಕೊಂಡವರು ಎರಡು ವರ್ಷಗಳ ವಾರಂಟಿ ಮುಗಿದ ಮೇಲೆ ಇನ್ನೂ 1,500 ಡಾಲರ್ ಕೊಟ್ಟು ಅದನ್ನು ಯಾಂತ್ರಿಕ ಕರೇರಾ ಗಡಿಯಾರಕ್ಕೆ ಬದಲಾಯಿಸಿಕೊಳ್ಳಬಹುದಿತ್ತು. 2017ರ ಮಾರ್ಚ್‌ನಲ್ಲಿ ಬಂದ ‘ಮಾಡ್ಯುಲರ್ 45’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಪಟ್ಟಿ, ಪಟ್ಟಿಯನ್ನು ಹಿಡಿಯುವ ಕೊಂಬುಗಳು, ಬಕಲ್ ಎಲ್ಲವನ್ನೂ ಕಳಚಿ ಜೋಡಿಸಬಹುದಿತ್ತು; ನಡುವಿನ ಎಲೆಕ್ಟ್ರಾನಿಕ್ ಬಿಲ್ಲೆಯನ್ನು ತೆಗೆದು ಅಲ್ಲಿಗೆ ಯಾಂತ್ರಿಕ ಬಿಲ್ಲೆಯನ್ನು, ಟೂರ್ಬಿಯಾನ್ ಎಂಬ ಅತಿ ನಾಜೂಕಿನ ದುಬಾರಿ ಯಂತ್ರವಿರುವುದನ್ನೂ ಕೂರಿಸಬಹುದಿತ್ತು. ಕೊಂಬುಗಳು ರೋಸ್ ಗೋಲ್ಡ್‌ನಲ್ಲೂ ಸಿಗುತ್ತಿದ್ದವು. ಹಣ ಹೂಡಿದ ಚಿನ್ನ ಉಳಿಯುತ್ತದೆ, ಹಳತಾಗುವ ಭಾಗ ಮಾತ್ರ ಬದಲಾಗುತ್ತದೆ ಎಂಬ ಈ ವಿನ್ಯಾಸ ತರ್ಕಬದ್ಧವಾಗಿತ್ತು. ಬೇಸರದ ಸಂಗತಿಯೆಂದರೆ 2020ರ ಮೂರನೆಯ ತಲೆಮಾರಿನಲ್ಲಿ ಕಂಪನಿ ಈ ಜೋಡಣೆಯನ್ನೇ ಕೈಬಿಟ್ಟಿತು. ಬದಲಾಯಿಸಬಹುದಾದ ಭಾಗಕ್ಕೆ ಬದಲಿ ಭಾಗ ತಯಾರಾಗದೆ ಹೋದರೆ ಆ ಸೌಲಭ್ಯ ಹೆಸರಿಗಷ್ಟೇ ಉಳಿಯುತ್ತದೆ. ಆದ್ದರಿಂದ ಇಂಥದ್ದನ್ನು ಕೊಳ್ಳುವವರು ವಿನ್ಯಾಸದ ಜಾಣ್ಮೆಗಿಂತ ಕಂಪನಿಯ ಲಿಖಿತ ಬದ್ಧತೆಯನ್ನು ನೋಡಬೇಕು.

ಜಿನೀವಾದ ಫ್ರೆಡರಿಕ್ ಕಾನ್‌ಸ್ಟಂಟ್ ಹಿಡಿದದ್ದು ಇನ್ನೊಂದು ದಾರಿ. 2015ರ ಅದರ ‘ಹೊರೊಲಾಜಿಕಲ್ ಸ್ಮಾರ್ಟ್‌ವಾಚ್’ನಲ್ಲಿ ಪರದೆಯೇ ಇಲ್ಲ, ಮುಳ್ಳುಗಳ ಗಡಿಯಾರ, ಒಳಗೆ ಹೆಜ್ಜೆ ಮತ್ತು ನಿದ್ದೆ ಅಳೆಯುವ ಸಂವೇದಕ, ಎರಡು ವರ್ಷಕ್ಕೂ ಮೇಲೆ ಬಾಳುವ ಸಾಧಾರಣ ಗುಂಡಿ ಬ್ಯಾಟರಿ. 2018ರ ‘ಹೈಬ್ರಿಡ್ ಮ್ಯಾನುಫ್ಯಾಕ್ಚರ್’ನಲ್ಲಿ ತನ್ನಷ್ಟಕ್ಕೆ ಕೀಲಿಯಾಗುವ ಯಾಂತ್ರಿಕ ಚಲನೆಯೊಂದಿಗೆ ಎಲೆಕ್ಟ್ರಾನಿಕ್ ಭಾಗವನ್ನು ಕೂಡಿಸಿದ್ದಾರೆ. ಎಲೆಕ್ಟ್ರಾನಿಕ್ ಭಾಗ ಸತ್ತರೂ ಮುಳ್ಳುಗಳು ತಿರುಗುತ್ತಲೇ ಇರುತ್ತವೆ. ಇವುಗಳಲ್ಲಿ ಕಾಣುವ ರೋಸ್ ಗೋಲ್ಡ್ ಹೆಚ್ಚಾಗಿ ಉಕ್ಕಿನ ಮೇಲಿನ ಲೇಪ. ಪರದೆಯ ಮೇಲೆ ಸಂದೇಶ ಓದುವ ಅಭ್ಯಾಸವಿರುವವರಿಗೆ ಇವು ಹಿಡಿಸಲಾರವು. ಮದುವೆ ಮುಂಜಿಗಳಲ್ಲಿ ಪಂಚೆ, ರೇಷ್ಮೆ ಸೀರೆಗಳ ಜೊತೆ ಹೊಂದುವ ಗಡಿಯಾರ ಬೇಕು, ಹೆಜ್ಜೆಯ ಲೆಕ್ಕವೂ ಸಿಕ್ಕರೆ ಒಳ್ಳೆಯದು ಎನ್ನುವವರಿಗೆ ಮೇಲಿನ ಎಲ್ಲವುಗಳಿಗಿಂತ ಇವೇ ಸೂಕ್ತ.

ಉಂಗುರವನ್ನೂ ಈ ಹೋಲಿಕೆಯಲ್ಲಿ ಸೇರಿಸಬೇಕು. ಬೆಂಗಳೂರು ಮೂಲದ ಅಲ್ಟ್ರಾಹ್ಯೂಮನ್ ಕಂಪನಿ ‘ರೇರ್’ ಎಂಬ ಹೆಸರಿನಲ್ಲಿ 18 ಕ್ಯಾರೆಟ್ ಚಿನ್ನ ಮತ್ತು ಪ್ಲಾಟಿನಂನ ಸ್ಮಾರ್ಟ್ ಉಂಗುರಗಳನ್ನು ತಂದಿದೆ. ಪರದೆಯಿಲ್ಲದ, ನೋಡಲು ಆಭರಣವೇ ಆಗಿರುವ ವಸ್ತುವಿಗೆ ಚಿನ್ನ ಹೆಚ್ಚು ಸಹಜವಾಗಿ ಒಪ್ಪುತ್ತದೆ, ಬೇಕಾಗುವ ಚಿನ್ನವೂ ಕಡಿಮೆ. ಆದರೆ ಸ್ಮಾರ್ಟ್ ಉಂಗುರಗಳ ಬ್ಯಾಟರಿ ಸಾಮಾನ್ಯವಾಗಿ ಅಂಟಿನೊಳಗೆ ಮುಚ್ಚಿಹೋಗಿರುತ್ತದೆ, ಬದಲಾಯಿಸುವ ಅವಕಾಶವಿರುವುದಿಲ್ಲ. ಉಂಗುರದ ಅಳತೆಯನ್ನೂ ಅಕ್ಕಸಾಲಿಗರಲ್ಲಿ ಹಿಗ್ಗಿಸಲು ಕುಗ್ಗಿಸಲು ಬರುವುದಿಲ್ಲ.

ಎರಡನ್ನೂ ಬೇರೆಯಾಗಿಯೇ ಇಟ್ಟುಕೊಳ್ಳುವುದು ನಾನು ಹೆಚ್ಚಿನವರಿಗೆ ಹೇಳುವ ಮಾತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಟೈಟನ್‌ನ ‘ನೆಬ್ಯುಲಾ’ ಸಾಲಿನಲ್ಲಿ 18 ಕ್ಯಾರೆಟ್ ಗಟ್ಟಿ ಚಿನ್ನದ ಗಡಿಯಾರಗಳಿವೆ. ಅವು ಸ್ಮಾರ್ಟ್ ಅಲ್ಲ, ಆದ್ದರಿಂದಲೇ ತಂತ್ರಾಂಶದ ಜೊತೆಗೆ ಸಾಯುವುದೂ ಇಲ್ಲ. ಅಂಥದ್ದೊಂದನ್ನು ಸಮಾರಂಭಗಳಿಗೆ ಇಟ್ಟುಕೊಂಡು, ದಿನಬಳಕೆಗೆ ಟೈಟಾನಿಯಂ ಅಥವಾ ಅಲ್ಯೂಮಿನಿಯಂನ ಸ್ಮಾರ್ಟ್‌ವಾಚ್ ಕಟ್ಟಿಕೊಂಡರೆ, ಸ್ಮಾರ್ಟ್‌ವಾಚ್ ಹಳತಾದಾಗ ಕಳೆದುಕೊಳ್ಳುವುದು ಅದರ ಬೆಲೆಯನ್ನು ಮಾತ್ರ.

ಪರೀಕ್ಷೆ, ಮುದ್ರೆ, ಮರುಮಾರಾಟ

ಒಡವೆ ಕೊಳ್ಳುವಾಗ ಬಿಐಎಸ್ ಹಾಲ್‌ಮಾರ್ಕ್ ಮತ್ತು ಪ್ರತಿ ಒಡವೆಗೂ ಕೊಡುವ ಆರು ಅಕ್ಷರಾಂಕಗಳ ಗುರುತುಸಂಖ್ಯೆ ಎಚ್‌ಯುಐಡಿ ನೋಡುವುದು ಈಗ ನಮಗೆ ರೂಢಿಯಾಗಿದೆ. 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾದ ಈ ವ್ಯವಸ್ಥೆಯಿಂದ ಕೈಗಡಿಯಾರಗಳನ್ನು ಹೊರಗಿಡಲಾಗಿದೆ ಎಂಬುದು ಹಲವರಿಗೆ ತಿಳಿದಿಲ್ಲ. ಹಾಗಾಗಿ ಚಿನ್ನದ ಗಡಿಯಾರದ ಮೇಲೆ ಆ ಮುದ್ರೆ ಇಲ್ಲದಿದ್ದರೆ ಅದು ಮೋಸವೆಂದು ತಿಳಿಯಬೇಕಾಗಿಲ್ಲ, ಆದರೆ ಆ ಮುದ್ರೆಯ ರಕ್ಷಣೆಯೂ ನಿಮಗಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಸ್ಥಿತಿ ಇದಕ್ಕೆ ವಿರುದ್ಧ. ಅಲ್ಲಿ ಚಿನ್ನದ ಗಡಿಯಾರದ ಕವಚಕ್ಕೆ ಸರ್ಕಾರಿ ಮುದ್ರೆ ಕಡ್ಡಾಯ. 1995ರಿಂದ ಆ ಮುದ್ರೆಯಲ್ಲಿರುವುದು ಸೇಂಟ್ ಬರ್ನಾರ್ಡ್ ನಾಯಿಯ ತಲೆ. ಕವಚದ ಹಿಂಬದಿಯಲ್ಲಿ ಅಥವಾ ಕೊಂಬುಗಳ ಒಳಮೈಯಲ್ಲಿ ಭೂತಗನ್ನಡಿ ಹಿಡಿದರೆ ಅದೂ, 750 ಎಂಬ ಅಂಕಿಯೂ ಕಾಣಬೇಕು.

ನಮ್ಮಲ್ಲಿ ಪರೀಕ್ಷೆ ಮಾಡಿಸುವುದಾದರೆ ಎಕ್ಸ್ ಕಿರಣ ಬಿಟ್ಟು ಲೋಹವನ್ನು ಗುರುತಿಸುವ, ಒಡವೆ ಅಂಗಡಿಗಳ ಎಕ್ಸ್‌ಆರ್‌ಎಫ್ ಯಂತ್ರ ವಸ್ತುವಿಗೆ ಏನೂ ಮಾಡದೆ ಅಂಕಿ ತೋರಿಸುತ್ತದೆ. ಆದರೆ ಅದು ಓದುವುದು ಮೇಲ್ಮೈಯನ್ನು ಮಾತ್ರ. ದಪ್ಪ ಲೇಪವಿದ್ದರೆ ಅದನ್ನು ಗಟ್ಟಿ ಚಿನ್ನವೆಂದು ತೋರಿಸುವ ಸಾಧ್ಯತೆಯಿದೆ. ಒರೆಗಲ್ಲಿಗೂ ಮೇಲ್ಮೈಯೇ ಗತಿ. ಒಳಗೆ ಬ್ಯಾಟರಿ, ಗಾಜು, ತಾಮ್ರದ ಸುರುಳಿಗಳಿರುವುದರಿಂದ ನೀರಿನಲ್ಲಿ ತೂಗಿ ಸಾಂದ್ರತೆ ಕಂಡುಹಿಡಿಯುವ ಹಳೆಯ ಉಪಾಯವೂ ಸ್ಮಾರ್ಟ್‌ವಾಚಿಗೆ ನಡೆಯುವುದಿಲ್ಲ. ಕಂಪನಿ ಪ್ರಕಟಿಸಿದ ಮೂಲ ತೂಕದೊಂದಿಗೆ ತಕ್ಕಡಿಯ ತೂಕವನ್ನು ಹೋಲಿಸುವುದೇ ಸರಳವಾದ ಮೊದಲ ಪರೀಕ್ಷೆ. ಮೇಲೆ ಹೇಳಿದ ಎಡಿಷನ್‌ನ 42 ಮಿಲಿಮೀಟರ್ ಕೇಸ್ ಪಟ್ಟಿಯಿಲ್ಲದೆ 69 ಗ್ರಾಂ ಬದಲು 50 ಗ್ರಾಂ ತೂಗಿದರೆ ಮಾರುವವರ ಜೊತೆ ಮಾತು ಬೆಳೆಸುವ ಅಗತ್ಯವಿಲ್ಲ.

ಮಾರಲು ಹೊರಟಾಗ ಒಡವೆ ವ್ಯಾಪಾರಿಗಳು ಲೋಹದ ಬೆಲೆಯನ್ನಷ್ಟೇ ಕೊಡುತ್ತಾರೆ, ಅದೂ ಕವಚವನ್ನು ಬೇರ್ಪಡಿಸಿ ತೂಗಿದ ಮೇಲೆ. ಆದ್ದರಿಂದ ಕೊಳ್ಳುವಾಗಲೇ ಕವಚದ ನಿವ್ವಳ ತೂಕವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಅಂಗಡಿಯವರು ಒಪ್ಪದಿದ್ದರೆ ಕಂಪನಿಯ ಪ್ರಮಾಣಪತ್ರವನ್ನಾದರೂ ಕೇಳಿ ಪಡೆಯಬೇಕು. ಹಳೆಯ ಚಿನ್ನದ ಸ್ಮಾರ್ಟ್‌ವಾಚ್ ಮನೆಯಲ್ಲಿದ್ದು ಅದನ್ನು ಕರಗಿಸಲು ಕೊಡುವುದಾದರೆ, ಒಳಗಿನ ಲಿಥಿಯಂ ಬ್ಯಾಟರಿಯನ್ನು ಮೊದಲು ಮೊಬೈಲ್ ರಿಪೇರಿ ಬಲ್ಲವರಿಂದ ತೆಗೆಸಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಕರಗಿಸದೆ ಇಟ್ಟುಕೊಳ್ಳುವವರೂ ಅದನ್ನು ವರ್ಷಗಟ್ಟಲೆ ಲಾಕರಿನಲ್ಲಿ ಮರೆತುಬಿಡಬಾರದು. ಬ್ಯಾಟರಿ ಉಬ್ಬಿ ಪರದೆಯನ್ನು ಮೇಲೆತ್ತುವುದುಂಟು, ಆಗಾಗ ತೆಗೆದು ನೋಡುತ್ತಿರಬೇಕು, ಉಬ್ಬು ಕಂಡೊಡನೆ ಚಾರ್ಜ್ ಮಾಡಲು ಹೋಗದೆ ಬ್ಯಾಟರಿಯನ್ನು ತೆಗೆಸಿಬಿಡಬೇಕು.